ಬುದ್ಧಿ ಹೇಳುವ ಮುನ್ನ

ಕನ್ನಡದಲ್ಲಿ ‘ಕೇಳು’ ಎಂಬ ಮಾತು ಚಿಕ್ಕದು. ಆದರೆ ಅದು ಮಾಡುವ ಕೆಲಸ ಮೂರು ಬಗೆಯದು. ರೇಡಿಯೋ ಮುಂದೆ ಕುಳಿತು ನೀವು ಹಾಡು ಕೇಳುತ್ತೀರಿ. ಅದು ಕಿವಿಯ ಕೆಲಸ. ಅಂಗಡಿಗೆ ಹೋಗಿ ಬೇಳೆಯ ಬೆಲೆ ಕೇಳುತ್ತೀರಿ. ಅದು ನಾಲಗೆಯ ಕೆಲಸ. ಮನೆಗೆ ಬಂದು ಮಗನಿಗೆ ‘ನನ್ನ ಮಾತು ಕೇಳೋ’ ಎನ್ನುತ್ತೀರಿ. ಅಲ್ಲಿ ಕೇಳಬೇಕಾದವನು ಅವನು, ನೀವಲ್ಲ. ಬೆಳೆದ ಮಕ್ಕಳ ವಿಷಯದಲ್ಲಿ ನಾವು ಹಿರಿಯರು ಈ ಮೂರನೆಯ ಅರ್ಥವನ್ನೇ ಬಿಗಿಯಾಗಿ ಹಿಡಿದುಕೊಂಡು ಮೊದಲಿನ ಎರಡನ್ನೂ ಮರೆತುಬಿಡುವುದುಂಟು. ಎಲ್ಲವೂ ನೆಟ್ಟಗಿರುವಾಗ ಇದರಿಂದ ದೊಡ್ಡ ನಷ್ಟವೇನೂ ಆಗಲಾರದು. ಆದರೆ ಕಾಲೇಜಿನಲ್ಲಿ ಓದುತ್ತಿರುವ ಹುಡುಗನಿಗೋ ಹುಡುಗಿಗೋ ಖಿನ್ನತೆಯೆಂಬ ಕಾಯಿಲೆ ಕವಿದಾಗ ಆ ಮರೆವಿಗೆ ತೆರಬೇಕಾದ ಬೆಲೆ ಬಲು ದೊಡ್ಡದು. ಆ ಕಾಯಿಲೆ ಎಂಥದು, ಅದು ಬಂದಾಗ ಮನೆಯವರೂ ಕಾಲೇಜಿನವರೂ ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ನಾನು ವೈದ್ಯನಲ್ಲ. ಕಾಲೇಜಿನಲ್ಲಿ ಪಾಠ ಹೇಳಿ, ಹಲವು ವರ್ಷ ಹಾಸ್ಟೆಲಿನ ವಾರ್ಡನ್ ಆಗಿದ್ದು, ಈಗ ನಿವೃತ್ತನಾಗಿರುವವನು. ಆದ್ದರಿಂದ ನನ್ನದೇ ಒಂದು ತಪ್ಪಿನಿಂದ ಮಾತನ್ನು ಪ್ರಾರಂಭಿಸುತ್ತೇನೆ.

ನಮ್ಮ ಹಾಸ್ಟೆಲಿಗೆ ಒಂದು ವರ್ಷ ಹಳ್ಳಿಯ ಹುಡುಗನೊಬ್ಬ ಸೇರಿದ. ಹತ್ತನೆಯ ತರಗತಿಯವರೆಗೂ ಕನ್ನಡದಲ್ಲೇ ಓದಿ, ಒಳ್ಳೆಯ ಅಂಕ ಪಡೆದು, ಬಿ.ಎಸ್‌ಸಿ.ಗೆ ಬಂದಿದ್ದ. ಮೊದಲ ಎರಡು ತಿಂಗಳು ಲವಲವಿಕೆಯಿಂದಲೇ ಇದ್ದ. ಆಮೇಲೆ ಒಂದು ದಿನ ಅಡುಗೆಯ ಭಟ್ಟರು ಬಂದು, “ಸಾರ್, ಎರಡು ಮುದ್ದೆ ಉಣ್ತಿದ್ದ ಹುಡುಗ ಈಗ ಅರ್ಧ ಮುದ್ದೆಯನ್ನೂ ಬಿಟ್ಟು ಏಳ್ತಾನೆ. ನಾಲ್ಕು ದಿನದಿಂದ ರಾತ್ರಿ ಊಟಕ್ಕೇ ಬಂದಿಲ್ಲ. ಸ್ವಲ್ಪ ನೋಡಿ” ಎಂದರು. ನಾನು ಹುಡುಗನನ್ನು ಕರೆಸಿದೆ. ಕರೆಸಿ ಮಾಡಿದ್ದೇನು? ಅರ್ಧ ಗಂಟೆ ಭಾಷಣ! ಧೈರ್ಯವಾಗಿರಬೇಕು, ತಂದೆತಾಯಿಗಳ ಕಷ್ಟವನ್ನು ನೆನೆಯಬೇಕು, ಬೆಳಗಿನ ಜಾವ ಎದ್ದು ಓದಬೇಕು, ಇತ್ಯಾದಿ. ಅವನು ತಲೆ ತಗ್ಗಿಸಿ ಮೂರು ಬಾರಿ “ಆಗಲಿ ಸಾರ್” ಎಂದ. ಒಂದು ಕರ್ತವ್ಯ ಮುಗಿಯಿತೆಂಬ ಸಮಾಧಾನದಿಂದ ನಾನು ಮನೆಗೆ ಹೋಗಿ ಊಟ ಮಾಡಿದೆ.

ಹದಿನೈದು ದಿನಗಳ ಅನಂತರ ಹುಡುಗ ಯಾರಿಗೂ ಹೇಳದೆ ಊರಿಗೆ ಹೊರಟುಹೋದ. ಹಾಸಿಗೆ, ಪುಸ್ತಕಗಳನ್ನು ತೆಗೆದುಕೊಂಡು ಹೋಗಲು ಅವನ ತಂದೆ ಬಂದಾಗ ಕೊಠಡಿಯಲ್ಲಿ ನೋಟ್ ಪುಸ್ತಕವೊಂದನ್ನು ತೆರೆದು ನೋಡಿದೆ. ಪುಟದ ಮೇಲ್ತುದಿಯಲ್ಲಿ ದಿನಾಂಕ, ಅದರ ಕೆಳಗೆ ಏನೂ ಇಲ್ಲ. ಮರುಪುಟದಲ್ಲಿ ಮರುದಿನದ ತಾರೀಕು, ಅಲ್ಲಿಯೂ ಏನೂ ಇಲ್ಲ. ಹೀಗೆ ಹತ್ತಾರು ಪುಟಗಳು. ಹುಡುಗ ತರಗತಿಗೆ ತಪ್ಪದೆ ಹೋಗುತ್ತಿದ್ದ, ಪುಸ್ತಕ ತೆರೆಯುತ್ತಿದ್ದ, ದಿನಾಂಕ ಬರೆಯುತ್ತಿದ್ದ. ಅಲ್ಲಿಂದ ಮುಂದಕ್ಕೆ ಅವನ ಕೈ ಓಡುತ್ತಿರಲಿಲ್ಲ. ನಾನು ಅದಕ್ಕೆ ಸೋಮಾರಿತನ ಎಂಬ ಹೆಸರು ಕೊಟ್ಟಿದ್ದೆ.

ಆ ಹುಡುಗನ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಕಾಯಿಲೆಯ ವಿಚಾರ.

ದುಃಖ ಎಲ್ಲರಿಗೂ ಬರುತ್ತದೆ. ಪರೀಕ್ಷೆಯಲ್ಲಿ ಅಂಕ ಕಡಮೆಯಾಯಿತು, ಸ್ನೇಹ ಮುರಿಯಿತು, ಮನೆಯ ನೆನಪಾಯಿತು ಎಂದರೆ ಎರಡು ದಿನ ಮನಸ್ಸು ಕುಗ್ಗುತ್ತದೆ. ಮೂರನೆಯ ದಿನ ಗೆಳೆಯರ ಹರಟೆಯಲ್ಲಿ ನಗು ಬರುತ್ತದೆ. ಖಿನ್ನತೆ ಹಾಗಲ್ಲ. ದಿನದ ಬಹುಪಾಲು, ಹೆಚ್ಚುಕಡಮೆ ಪ್ರತಿದಿನವೂ, ಎರಡು ವಾರಕ್ಕೆ ಕಡಮೆಯಿಲ್ಲದೆ ಮನಸ್ಸು ಕುಗ್ಗಿಯೇ ಇರುವುದು, ಇಲ್ಲವೆ ಮೊದಲು ಪ್ರಿಯವಾಗಿದ್ದ ಯಾವುದರಲ್ಲಿಯೂ ರುಚಿ ಉಳಿಯದಿರುವುದು ಇದರ ಮುಖ್ಯ ಗುರುತು. ಅದರೊಡನೆ ನಿದ್ರೆ ಕೆಡುತ್ತದೆ: ಕೆಲವರಿಗೆ ಬಾರದು, ಕೆಲವರಿಗೆ ಎಷ್ಟು ಮಲಗಿದರೂ ಸಾಲದು. ಹಸಿವು ಏರುಪೇರಾಗುತ್ತದೆ. ಮೈಯಲ್ಲಿ ಶಕ್ತಿಯಿಲ್ಲ. ಓದಿದ ಸಾಲನ್ನೇ ಐದು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ‘ನಾನು ಯಾತಕ್ಕೂ ಬಾರದವನು, ಎಲ್ಲರಿಗೂ ಹೊರೆ’ ಎಂಬ ಭಾವನೆ ಬೇರೂರುತ್ತದೆ. ಸಾವಿನ ಯೋಚನೆಗಳೂ ಬರಬಹುದು. ಇವೆಲ್ಲ ಒಬ್ಬರಲ್ಲೇ ಇರಬೇಕೆಂದಿಲ್ಲ; ಕೆಲವು ಸೇರಿದರೂ ವೈದ್ಯರು ಗಮನಿಸುತ್ತಾರೆ.

ಎಳೆಯರಲ್ಲಿ ಇದು ಅಳುವಾಗಿಯೇ ಕಾಣಿಸಿಕೊಳ್ಳುವುದಿಲ್ಲ ಎಂಬುದನ್ನು ತಾವು ಗಮನಿಸಬೇಕು. ಸಿಡುಕಾಗಿ, ಮೌನವಾಗಿ, ತರಗತಿ ತಪ್ಪಿಸುವ ಚಾಳಿಯಾಗಿ, ಬಾಗಿಲು ಹಾಕಿಕೊಂಡು ಫೋನು ನೋಡುತ್ತಾ ಮಲಗುವ ಅಭ್ಯಾಸವಾಗಿ, ಪದೇ ಪದೇ ಬರುವ ತಲೆನೋವು ಹೊಟ್ಟೆನೋವಾಗಿ ಕಾಣಿಸಬಹುದು. ಕೆಲವರಲ್ಲಿ ಕುಡಿತದ ವೇಷ ಹಾಕಿಕೊಂಡೂ ಬರಬಹುದು. ಹೊರಗಿನಿಂದ ನೋಡಿದವರು ‘ಹುಡುಗ ಕೆಟ್ಟ’ ಎನ್ನುತ್ತಾರೆ. ಹುಡುಗ ಕೆಟ್ಟಿಲ್ಲ, ಕಾಯಿಲೆ ಬಿದ್ದಿದ್ದಾನೆ.

ಕಾಲೇಜಿನ ವಯಸ್ಸಿನಲ್ಲೇ ಏಕೆ? ಮಾನಸಿಕ ಕಾಯಿಲೆಗಳಲ್ಲಿ ಬಹುಪಾಲು ತಲೆದೋರುವುದು ಇಪ್ಪತ್ತೈದರ ಒಳಗೇ. ಅದರ ಮೇಲೆ ಆ ವರ್ಷಗಳು ತರುವ ಭಾರವೂ ಸಣ್ಣದಲ್ಲ. ಊರು ಬದಲಾಗುತ್ತದೆ, ಪಾಠದ ಭಾಷೆ ಬದಲಾಗುತ್ತದೆ. ತನ್ನ ಶಾಲೆಗೆ ಮೊದಲಿಗನಾಗಿದ್ದವನು, ಮೊದಲಿಗರೇ ತುಂಬಿದ ತರಗತಿಯಲ್ಲಿ ನಲವತ್ತನೆಯವನಾಗುತ್ತಾನೆ. ಮನೆಯವರು ಸಾಲ ಮಾಡಿ ಕಳುಹಿಸಿದ ದುಡ್ಡಿನ ನೆನಪು ಬೆನ್ನ ಮೇಲೆ ಕುಳಿತಿರುತ್ತದೆ. ಜಾತಿಯ ಹೆಸರಿನಲ್ಲಿ, ಮಾತಿನ ಧಾಟಿಯ ಹೆಸರಿನಲ್ಲಿ, ಮೈಬಣ್ಣದ ಹೆಸರಿನಲ್ಲಿ ಅವಮಾನ ನುಂಗುವವರೂ ಇದ್ದಾರೆ. ಆದರೆ ಒಂದು ಮಾತು. ಕಾರಣ ಕಣ್ಣಿಗೆ ಕಂಡರೆ ಮಾತ್ರ ಕಾಯಿಲೆ ನಿಜ ಎಂದುಕೊಳ್ಳಬಾರದು. ವಂಶದಿಂದ ಬಂದ ಒಲವು, ಮೆದುಳಿನ ಕೆಲಸದಲ್ಲಿನ ವ್ಯತ್ಯಾಸ, ಬದುಕಿನ ಪೆಟ್ಟು, ಎಲ್ಲವೂ ಸೇರಿ ಇದು ಬರುತ್ತದೆ. ಎಲ್ಲ ಅನುಕೂಲವೂ ಇರುವ ಮನೆಯ ಮಗಳಿಗೂ ಬರುತ್ತದೆ. “ನಿನಗೇನು ಕಡಮೆ ಮಾಡಿದ್ದೇವೆ?” ಎಂಬ ಪ್ರಶ್ನೆಗೆ ಅವಳಲ್ಲಿ ಉತ್ತರವಿರುವುದಿಲ್ಲ, ಉತ್ತರವಿಲ್ಲವಲ್ಲ ಎಂಬುದೇ ಅವಳಿಗೆ ಇನ್ನೊಂದು ಅಪರಾಧವಾಗಿ ತೋರುತ್ತದೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರಂತೆ ಖಿನ್ನತೆಗೆ ಒಳಗಾಗಿದ್ದಾರೆ. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುತೇಕರಿಗೆ ಚಿಕಿತ್ಸೆ ಸಿಕ್ಕಿಲ್ಲ ಎಂಬುದನ್ನೂ ಅದೇ ಸಮೀಕ್ಷೆ ತೋರಿಸಿತು. ಔಷಧವಿಲ್ಲದ ಕಾಯಿಲೆಯಾಗಿದ್ದರೆ ವಿಧಿಯನ್ನು ಹಳಿಯಬಹುದಿತ್ತು. ಇದಕ್ಕೆ ಔಷಧವೂ ಉಂಟು, ಚಿಕಿತ್ಸೆಯೂ ಉಂಟು. ರೋಗಿ ಅಲ್ಲಿಯವರೆಗೆ ತಲುಪುವುದಿಲ್ಲ. ತಲುಪಿಸುವ ಕೆಲಸ ನಮ್ಮದು.

ಆ ಕೆಲಸ ಮೊದಲಾಗುವುದು ಒಂದು ಪ್ರಶ್ನೆಯಿಂದ. ದೂರದ ಊರಿನಲ್ಲಿ ಓದುವ ಮಕ್ಕಳಿಗೆ ನಾವು ಫೋನು ಮಾಡಿದಾಗ ಕೇಳುವ ಪ್ರಶ್ನೆಗಳು ಯಾವುವು? “ಊಟ ಆಯ್ತಾ? ಓದ್ತಿದೀಯಾ? ದುಡ್ಡು ಇದೆಯಾ?” ಮೂರಕ್ಕೂ ‘ಹೂಂ’ ಎಂದರೆ ಕರೆ ಮುಗಿಯಿತು. ಮನಸ್ಸು ಹೇಗಿದೆ ಎಂಬ ನಾಲ್ಕನೆಯ ಪ್ರಶ್ನೆ ನಮ್ಮ ಪಟ್ಟಿಯಲ್ಲಿಯೇ ಇಲ್ಲ. ಅದನ್ನು ಸೇರಿಸಿ ನೋಡಿ. ಕೇಳುವಾಗ ಕಣ್ಣಿಗೆ ಕಂಡದ್ದನ್ನು ಹಿಡಿದು ಕೇಳಿ: “ಈಚೆಗೆ ನೀನು ಸರಿಯಾಗಿ ಊಟ ಮಾಡ್ತಿಲ್ಲ, ರಾತ್ರಿಯೆಲ್ಲ ಎದ್ದು ಕೂತಿರ್ತೀಯ. ಏನಾಗ್ತಿದೆ ಹೇಳು ಮಗಾ, ನಾನು ಬೈಯೋದಿಲ್ಲ.” ಹೀಗೆ ಕೇಳಿ, ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ. ಅರ್ಧ ನಿಮಿಷದ ಮೌನವನ್ನು ತಡೆಯಲಾರದೆ ನಾವು ಬುದ್ಧಿವಾದದಿಂದ ಅದನ್ನು ತುಂಬಿಬಿಡುತ್ತೇವೆ. “ಇಷ್ಟಕ್ಕೆಲ್ಲ ಅಳ್ತಾರಾ?” “ನಾವು ಬೀದಿದೀಪದ ಕೆಳಗೆ ಓದಿದವರು.” “ಪಕ್ಕದ ಮನೆಯ ಹುಡುಗಿಯನ್ನು ನೋಡು.” ಈ ಮೂರು ವಾಕ್ಯಗಳನ್ನು ನಾಲಗೆಯ ತುದಿಯಿಂದ ಹಿಂದಕ್ಕೆ ಕಳುಹಿಸಿದರೆ ಅರ್ಧ ಕೆಲಸವಾದಂತೆ. ಕಾಲು ಮುರಿದವನಿಗೆ ‘ಧೈರ್ಯ ಮಾಡಿ ಓಡು’ ಎಂದು ಯಾರೂ ಹೇಳುವುದಿಲ್ಲ ಅಲ್ಲವೆ?

ಇನ್ನೊಂದು ಪ್ರಶ್ನೆಯನ್ನು ಕೇಳಲು ನಮಗೆಲ್ಲ ಹೆದರಿಕೆ. ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುವುದಿಲ್ಲವೇ ಎಂದು ಶಂಕೆ. ಈ ವಿಷಯದಲ್ಲಿ ಸಂಶೋಧನೆಗಳಾಗಿವೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂಬುದೇ ಅವುಗಳ ನಿರ್ಣಯ. ಒಬ್ಬನೇ ಹೊತ್ತ ಭಾರವನ್ನು ಇಳಿಸಲು ಒಂದು ಕಟ್ಟೆ ಸಿಕ್ಕಿದಂತೆ ಅನೇಕರಿಗೆ ಹಗುರವಾಗುತ್ತದೆ. ಉತ್ತರ ‘ಹೌದು’ ಎಂದು ಬಂದರೆ ಗದರಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಅಪಾಯ ತರಬಲ್ಲ ವಸ್ತುಗಳನ್ನು ದೂರವಿಡಿ, ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಪೊಲೀಸರು, ಕಾನೂನು ಎಂಬ ಭಯ ಬೇಡ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಸರ್ಕಾರ ಅವರಿಗೆ ಆರೈಕೆಯನ್ನು ಒದಗಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ವಿಧಿಸಿದೆ.

ಇನ್ನು ಆಪ್ತಸಮಾಲೋಚಕರ ಕೊಠಡಿಯೊಳಗೆ ಏನು ನಡೆಯುತ್ತದೆ ಎಂಬ ಕುತೂಹಲ ಹಲವರಿಗಿದೆ. ಅಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ, ಉಪದೇಶವೂ ಇಲ್ಲ. ವಾರಕ್ಕೊಮ್ಮೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಎದುರುಬದುರು ಕುಳಿತು ಮಾತನಾಡುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಬೇರೆಯವರಿಗೆ ತಿಳಿಸುತ್ತಾರೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಒಂದು ಪದ್ಧತಿ ಇಂದು ಎಲ್ಲೆಡೆ ಬಳಕೆಯಲ್ಲಿದೆ. ‘ಒಂದು ವಿಷಯದಲ್ಲಿ ಫೇಲಾದೆ, ನನ್ನ ಬಾಳೇ ಮುಗಿಯಿತು’ ಎಂದು ಖಿನ್ನನಾದವನ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಆ ತೀರ್ಪನ್ನು ಕಾಗದದ ಮೇಲೆ ಬರೆಸಿ, ಅದಕ್ಕೆ ಸಾಕ್ಷಿಯೇನು, ವಿರುದ್ಧ ಸಾಕ್ಷಿಯೇನು ಎಂದು ಅವನಿಂದಲೇ ವಿಚಾರಣೆ ಮಾಡಿಸುತ್ತಾರೆ. ಇನ್ನೊಂದು ಕ್ರಮ ಮತ್ತೂ ಸರಳ. ಉತ್ಸಾಹ ಬಂದ ಮೇಲೆ ಕೆಲಸ ಮಾಡೋಣವೆಂದು ಕಾದರೆ ಖಿನ್ನತೆಯಲ್ಲಿ ಉತ್ಸಾಹ ಬಾರದು. ಆದ್ದರಿಂದ ಕೆಲಸವನ್ನೇ ಮುಂದಿಡುತ್ತಾರೆ: ಬೆಳಗ್ಗೆ ಏಳಕ್ಕೆ ಎದ್ದು ಮುಖ ತೊಳೆಯುವುದು, ಹತ್ತು ನಿಮಿಷ ನಡೆಯುವುದು, ಒಬ್ಬ ಗೆಳೆಯನೊಡನೆ ಚಹಾ ಕುಡಿಯುವುದು, ಒಂದೇ ಒಂದು ಪುಟ ಓದುವುದು. ಮಾಡಿದ್ದನ್ನು ಗುರುತು ಹಾಕಿಕೊಳ್ಳುವುದು. ಕೇಳಲು ಇದು ಬಲು ಅಲ್ಪವೆನಿಸಬಹುದು. ಆದರೆ ಹೂತುಹೋದ ಗಾಡಿಯ ಚಕ್ರ ಮೊದಲು ಒಂದು ಗೇಣು ಮುಂದೆ ಸರಿದರೆ ತಾನೆ ಆಮೇಲೆ ಉರುಳುವುದು!

ಕಾಯಿಲೆ ಹಗುರವಾಗಿದ್ದರೆ ಇಷ್ಟೇ ಸಾಕಾಗಬಹುದು. ಹೆಚ್ಚಾಗಿದ್ದರೆ ಮನೋವೈದ್ಯರು ಮಾತ್ರೆಗಳನ್ನು ಬರೆದುಕೊಡುತ್ತಾರೆ. ಥೈರಾಯಿಡ್ ತೊಂದರೆ, ರಕ್ತಹೀನತೆ ಮುಂತಾದವೂ ಇದೇ ರೀತಿ ಕುಗ್ಗಿಸಬಲ್ಲವಾದ್ದರಿಂದ ರಕ್ತಪರೀಕ್ಷೆ ಮಾಡಿಸುವುದೂ ಉಂಟು. ಈ ಮಾತ್ರೆಗಳು ನಿದ್ರೆಯ ಗುಳಿಗೆಗಳಲ್ಲ. ಮಾದಕ ವಸ್ತುವಿನಂತೆ ಚಟ ಹಿಡಿಸುವವೂ ಅಲ್ಲ. ನುಂಗಿದ ದಿನವೇ ಗುಣ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. ಆ ಮೊದಲ ವಾರಗಳಲ್ಲಿ, ಅದರಲ್ಲೂ ಇಪ್ಪತ್ತೈದರ ಒಳಗಿನವರಲ್ಲಿ, ಚಡಪಡಿಕೆಯೋ ಸಾವಿನ ಯೋಚನೆಯೋ ಹೆಚ್ಚಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಸ್ವಲ್ಪ ಗೆಲುವಾದೊಡನೆ ‘ಇನ್ನೇತಕ್ಕೆ?’ ಎಂದು ನಿಲ್ಲಿಸುವುದು ನಾವು ಮಾಡುವ ಸಾಮಾನ್ಯ ತಪ್ಪು. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರು ಹೇಳಿದಂತೆ ಕ್ರಮವಾಗಿ ಇಳಿಸಬೇಕು.

ಕಾಲೇಜುಗಳ ಹೊಣೆ ಏನೆಂಬುದನ್ನು ಸರ್ವೋಚ್ಚ ನ್ಯಾಯಾಲಯವೇ 2025ರ ಜುಲೈ ತಿಂಗಳಿನ ತೀರ್ಪಿನಲ್ಲಿ ಹೇಳಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕರನ್ನಾದರೂ ಇರಿಸಿಕೊಳ್ಳಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಏರ್ಪಾಟು ಮಾಡಿಕೊಳ್ಳಬೇಕು. ಸಹಾಯವಾಣಿಯ ಸಂಖ್ಯೆಗಳನ್ನು ತರಗತಿ, ಹಾಸ್ಟೆಲುಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಿಸಬೇಕು. ನಿಮ್ಮ ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಶುಲ್ಕ ಎಷ್ಟು, ಪ್ರಯೋಗಾಲಯ ಹೇಗಿದೆ ಎಂದು ವಿಚಾರಿಸುವಂತೆ, ಆಪ್ತಸಮಾಲೋಚಕರು ಯಾರು, ಯಾವ ವೇಳೆಯಲ್ಲಿ ಸಿಕ್ಕುತ್ತಾರೆ ಎಂದೂ ವಿಚಾರಿಸಿ. ಒಂದು ಸಣ್ಣ ವಿಷಯವನ್ನೂ ನೋಡಿ. ಆ ಕೊಠಡಿ ಪ್ರಿನ್ಸಿಪಾಲರ ಕಚೇರಿಯ ಎದುರಿಗಿದ್ದು, ಒಳಗೆ ಹೋಗುವವರು ಕಾಲೇಜಿಗೆಲ್ಲ ಕಾಣುವಂತಿದ್ದರೆ ಯಾರು ತಾನೆ ಹೋದಾರು? ಬೋಧಕರು ಆಪ್ತಸಮಾಲೋಚಕರಾಗಬೇಕಿಲ್ಲ, ಹಾಜರಿ ಪಟ್ಟಿಯಲ್ಲಿ ಒಂದೇ ಹೆಸರಿನ ಮುಂದೆ ಗೈರುಹಾಜರಿ ಸಾಲುಗಟ್ಟಿದರೆ ದಂಡ ಹಾಕುವ ಮೊದಲು ಕರೆದು ವಿಚಾರಿಸಿದರೆ ಸಾಕು. ಕಾಯಿಲೆಯಿಂದ ತಪ್ಪಿದ ಪರೀಕ್ಷೆಗೆ ಇನ್ನೊಂದು ಅವಕಾಶ ಕೊಟ್ಟರೆ ಅದೂ ಒಂದು ಚಿಕಿತ್ಸೆಯೇ.

ಕಾಲೇಜಿನಲ್ಲಿ ನೆರವು ದೊರೆಯದಿದ್ದರೆ ದಾರಿ ಮುಚ್ಚಿತೆಂದು ತಿಳಿಯಬೇಡಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಪ್ರಾರಂಭಿಸಿದ ‘ಟೆಲಿ ಮಾನಸ್’ ಎಂಬ ಸಹಾಯವಾಣಿ ಇದೆ. ಅದರ ಸಂಖ್ಯೆ 14416. ಹಗಲಿರುಳೂ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಕಾಯಿಲೆಯವರೇ ಮಾಡಬೇಕೆಂದಿಲ್ಲ, ಏನು ಮಾಡಬೇಕೆಂದು ತಿಳಿಯದ ತಾಯಿಯೂ ಗೆಳತಿಯೂ ಕರೆ ಮಾಡಬಹುದು. ಈ ವಿಷಯದಲ್ಲಿ ನಮ್ಮ ನಾಡು ಭಾಗ್ಯಶಾಲಿಯೇ ಸರಿ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಅದು ಅಲ್ಲಿದ್ದ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ನೀಡಬಹುದೆಂದು ತೋರಿಸಿಕೊಟ್ಟರು. ಆ ಮಾದರಿಯಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಮೊದಲಾಯಿತು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರ ವಿಭಾಗ ಎಲ್ಲಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಆ ಸಂಕೋಚದ ಮೂಲ ನನಗೆ ಗೊತ್ತು. “ಜನ ಏನಂದಾರು? ನಾಳೆ ಹುಡುಗಿಗೆ ಸಂಬಂಧ ಹೇಗೆ ಸಿಕ್ಕೀತು?” ಇದಕ್ಕೆ ನನ್ನ ಉತ್ತರ ಒಂದು ಉದಾಹರಣೆ. ಬೆಂಗಳೂರಿನಲ್ಲಿ ಬೆಳೆದ ಚಿತ್ರನಟಿ ದೀಪಿಕಾ ಪಡುಕೋಣೆ, ತಮಗೆ ಖಿನ್ನತೆ ಬಂದಿತ್ತೆಂದು 2015ರಲ್ಲಿ ಎಲ್ಲರೆದುರು ಹೇಳಿಕೊಂಡರು. ಹೆಸರು ಹಣ ಎಲ್ಲವೂ ಕೈಗೂಡಿದ್ದ ಕಾಲ ಅದು. ಅವರ ಸ್ಥಿತಿಯನ್ನು ಗುರುತಿಸಿ, ಇದಕ್ಕೆ ತಜ್ಞರ ನೆರವು ಬೇಕೆಂದು ಅರಿತವರು ಅವರ ತಾಯಿ. ಚಿಕಿತ್ಸೆ ಪಡೆದರು, ಕೆಲಸಕ್ಕೆ ಮರಳಿದರು, ಮದುವೆಯಾದರು. ತಾಯಿಯ ಆ ಕಣ್ಣು ಇರಲು ಸಿರಿವಂತರೇ ಆಗಬೇಕೆಂದಿಲ್ಲ.

ಕೊನೆಗೆ ನನ್ನ ಹಾಸ್ಟೆಲಿನ ಹುಡುಗನ ಮಾತು. ಮನೆಯವರು ಹರಕೆ ಹೊತ್ತರು, ತಾಯಿತ ಕಟ್ಟಿಸಿದರು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿದ್ದ ಎಳೆಯ ವೈದ್ಯೆಯೊಬ್ಬರು ಕಾಯಿಲೆಯನ್ನು ಗುರುತಿಸಿದರು. ಹುಡುಗ ಒಂದು ವರ್ಷ ಕಳೆದುಕೊಂಡು ಮತ್ತೆ ಕಾಲೇಜಿಗೆ ಬಂದ, ಪದವಿ ಪಡೆದ. ಹಾಸ್ಟೆಲು ಬಿಡುವ ದಿನ ನನ್ನ ಬಳಿಗೆ ಬಂದವನನ್ನು, “ಅಂದು ನನ್ನ ಹತ್ತಿರ ಯಾಕೋ ಹೇಳಲಿಲ್ಲ?” ಎಂದು ಕೇಳಿದೆ. ಅವನು ನಾಚಿಕೆಯಿಂದ ನಕ್ಕು, “ನೀವು ಕೇಳಲಿಲ್ಲವಲ್ಲ ಸಾರ್. ಭಟ್ಟರು ಕೇಳಿದ್ರು. ಆಮೇಲೆ ಎಷ್ಟೋ ರಾತ್ರಿ ಹತ್ತು ಗಂಟೆ ಮೇಲೆ ಅಡುಗೆಮನೇಲಿ ಕೂರಿಸ್ಕೊಂಡು ಮಜ್ಜಿಗೆ ಅನ್ನ ಕಲಸಿಕೊಡ್ತಿದ್ರು. ಅವರು ಏನೂ ಹೇಳ್ತಿರಲಿಲ್ಲ, ಸುಮ್ಮನೆ ಕೂತಿರ್ತಿದ್ರು. ಆ ಹದಿನೈದು ದಿನ ನಾನು ಉಳಿದದ್ದು ಅದರಿಂದ” ಎಂದ.

ನಮ್ಮ ಭಟ್ಟರಿಗೆ ಮನಶ್ಶಾಸ್ತ್ರ ತಿಳಿದಿರಲಿಲ್ಲ. ಅವರಿಂದ ಕಾಯಿಲೆ ವಾಸಿಯಾಗಲಿಲ್ಲ; ವಾಸಿ ಮಾಡಿದವರು ವೈದ್ಯರು. ಆದರೆ ವೈದ್ಯರ ಬಾಗಿಲವರೆಗೆ ಆ ಜೀವವನ್ನು ಉಳಿಸಿಕೊಟ್ಟವರು ಅವರು. ನಾನು ಕಲಿತ ವಿದ್ಯೆಯಿಂದ ಆಗದ ಕೆಲಸ ಅವರ ಒಂದು ಬಟ್ಟಲು ಮಜ್ಜಿಗೆ ಅನ್ನದಿಂದ ಆಯಿತು. ಈ ರಾತ್ರಿ ದೂರದ ಊರಿನಲ್ಲಿರುವ ನಿಮ್ಮ ಮಗನಿಗೋ ಮಗಳಿಗೋ ಫೋನು ಮಾಡುವಾಗ, ಊಟ, ಓದು, ದುಡ್ಡು ಆದ ಮೇಲೆ ಆ ನಾಲ್ಕನೆಯ ಪ್ರಶ್ನೆಯನ್ನೂ ಕೇಳಿ. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ಬುದ್ಧಿ ಹೇಳುವುದಕ್ಕೆ ನಾಳೆಯೂ ಸಮಯವಿದೆ.